ಹಸಿರಿನ ಹಸಿ

ಗಾಳಿಯಕ್ಕನಿಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಕಾರ್ಖಾನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಅರ್ಧ ಗೌರವದಿಂದ, ಅರ್ಧ ಬೇಸರದಿಂದ. ಹತ್ತೊಂಬತ್ತು ವರ್ಷಗಳಿಂದ ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ. ಕರೆಂಟಿನ ಕೆಲಸದವರು ಹಾಕಿಕೊಳ್ಳುವ ರಬ್ಬರ್ ಕೈಗವಸನ್ನು ಎತ್ತಿಕೊಂಡು ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತುತ್ತ ಬರಬೇಕು. ಒಳಗೆ ಸಿಕ್ಕಿಬಿದ್ದ ಗಾಳಿಗೆ ಐದು ಬೆರಳೂ ಉಬ್ಬಿ ನಿಲ್ಲುತ್ತವೆ. ಆಮೇಲೆ ಅದನ್ನು ಕೆನ್ನೆಯ ಹತ್ತಿರ ಹಿಡಿದು ಕಣ್ಣು ಮುಚ್ಚಬೇಕು. ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೆ ಕೆನ್ನೆಗೆ ತಣ್ಣಗೆ ತಾಗುತ್ತದೆ. ಆ ಗಾಳಿಯಿಂದಲೇ ಅವಳಿಗೆ ಆ ಹೆಸರು ಬಂದದ್ದು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಗಾಳಿಯಾದ ಮೇಲೆ ನೀರು. ಕೈಗವಸಿನೊಳಗೆ ನೀರು ತುಂಬಿ, ಅದನ್ನು ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ಒಳಗಿನ ನೀರಿಗೂ ಹೊರಗಿನ ನೀರಿಗೂ ನಡುವೆ ಸಾವಿರಾರು ವೋಲ್ಟು ಕೊಡುವುದು. ಮೀಟರಿನ ಮುಳ್ಳು ಕೆಂಪು ಗೆರೆ ದಾಟದಿದ್ದರೆ ಪಾಸು. ಪಾಸಾದದ್ದರ ಮಣಿಕಟ್ಟಿಗೆ ಅವಳು ತನ್ನ ಏಳನೇ ನಂಬರಿನ ಮುದ್ರೆ ಒತ್ತುತ್ತಿದ್ದಳು. ಏಳನೇ ನಂಬರಿನ ಕೈಗವಸು ಇವತ್ತಿನವರೆಗೆ ಯಾರನ್ನೂ ಕೈಬಿಟ್ಟಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಬೇರೆಯವರು ಹೊಗಳಲಿ ಎಂದು ಕಾಯುತ್ತ ಕೂರುವ ಸ್ವಭಾವ ಅವಳದ್ದಲ್ಲ.

ಮನೆಯಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ಮಗಳು. ಮಗಳು ಓದು ಮುಗಿಸಿ, ಬೇರೆ ಎಲ್ಲ ಬಿಟ್ಟು, ವಿದ್ಯುತ್ ಡಿಪೋದಲ್ಲಿ ಕಂಬ ಹತ್ತುವ ಕೆಲಸ ಹಿಡಿದಳು. ಅದೂ ಕರೆಂಟು ತೆಗೆಯದೆ, ಹರಿಯುತ್ತಿರುವ ತಂತಿಯಲ್ಲೇ ಕೆಲಸ ಮಾಡುವ ತಂಡದಲ್ಲಿ. ಆ ತಂಡಕ್ಕೆ ಸೇರಲು ಅವಳು ಎರಡು ವರ್ಷ ಒದ್ದಾಡಿದ್ದಳು. ಸೇರಿ ನಾಲ್ಕು ತಿಂಗಳಾಗಿತ್ತು. ಈ ನಾಲ್ಕು ತಿಂಗಳಲ್ಲಿ ಗಾಳಿಯಕ್ಕ ಡಿಪೋಗೆ ಮೂರು ಸಲ ಫೋನು ಮಾಡಿದ್ದಳು. ಒಮ್ಮೆ, ಗಾಳಿ ಜೋರಾಗಿದೆ ಎಂದು. ಇನ್ನೊಮ್ಮೆ, ಹುಡುಗಿ ತಿಂಡಿ ತಿನ್ನದೆ ಹೋಗಿದ್ದಾಳೆ, ಮೇಲೆ ತಲೆ ಸುತ್ತುತ್ತದೆ ಎಂದು. ಮೂರನೆಯ ಸಲ ಕಾರಣವೇ ಇರಲಿಲ್ಲ. ಏನೋ ಆಗುತ್ತದೆ, ನನಗೆ ಗೊತ್ತು, ಅವಳನ್ನು ಇಳಿಸಿ ಎಂದಿದ್ದಳು. ಮೂರು ಸಲವೂ ಏನೂ ಆಗಿರಲಿಲ್ಲ. ಮೂರನೆಯ ಸಲ ತಂಡದ ಮೇಸ್ತ್ರಿ ಎಲ್ಲರೆದುರು ಮಗಳಿಗೆ ಹೇಳಿದನಂತೆ, ಇನ್ನೊಂದು ಸಲ ನಿಮ್ಮಮ್ಮನ ಫೋನು ಬಂದರೆ ನಿನ್ನನ್ನು ಮೀಟರ್ ರೂಮಿನಲ್ಲಿ ಕೂರಿಸುತ್ತೇನೆ, ಆಮೇಲೆ ಕಂಬದ ಕಡೆ ತಲೆ ಹಾಕಬೇಡ ಎಂದು.

ಅವತ್ತು ಮಗಳು ಮನೆಗೆ ಬಂದು ಕೂಗಾಡಿದ್ದರೆ ಗಾಳಿಯಕ್ಕನಿಗೆ ಸಮಾಧಾನವಾಗುತ್ತಿತ್ತು. ಅವಳು ಕೂಗಾಡಲಿಲ್ಲ. ಬೂಟು ಬಿಚ್ಚಿಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

“ಇನ್ನು ಫೋನ್ ಮಾಡಲ್ಲ ಅಂತ ಮಾತು ಕೊಡಮ್ಮ. ಆ ಕೆಲಸ ಹೋದ್ರೆ ನಾನು ಈ ಮನೇಲಿ ಇರಲ್ಲ.”

ಗಾಳಿಯಕ್ಕ ಮಾತು ಕೊಟ್ಟಳು. ಮಗಳು ಬಾಯಿಮಾತಿಗೆ ಹೇಳುವವಳಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ಕಾರ್ಖಾನೆಗೆ ಹೊಸ ಮ್ಯಾನೇಜರು ಬಂದ. ಬಂದವನು ಮೊದಲು ಮಾಡಿದ ಕೆಲಸವೆಂದರೆ ರಬ್ಬರನ್ನು ಪೆಟ್ರೋಲಿನಂಥ ದ್ರಾವಕದಲ್ಲಿ ಕರಗಿಸುವುದನ್ನು ನಿಲ್ಲಿಸಿದ್ದು. ಅದರ ಬದಲು ನೀರಿನಲ್ಲೇ ಕಲೆತಿರುವ ರಬ್ಬರ್ ಹಾಲು ತರಿಸಿದ. ರಬ್ಬರು ಬೇಯಿಸುವ ಒಲೆಯ ಬಿಸಿ ಇಳಿಸಿದ. ತೊಳೆದ ನೀರನ್ನೇ ಸೋಸಿ ಮತ್ತೆ ತೊಳೆಯಲು ಬಿಟ್ಟ. ಫೇಲಾದ ಕೈಗವಸುಗಳನ್ನು ಅವತ್ತೇ ಚೂರು ಮಾಡಿ ಕಾಲೊರಸುವ ಮ್ಯಾಟಿಗೆ ಕಳಿಸಿದ. ಮಾತೆತ್ತಿದರೆ ಹಸಿರು. ಹಸಿರು ರಬ್ಬರು, ಹಸಿರು ಒಲೆ, ಹಸಿರು ನೀರು. ನೀರು ಹಸಿರಾಗಿದೆ ಅಂದರೆ ಪಾಚಿ ಕಟ್ಟಿದೆ ಅಂತ ಅರ್ಥ ಎಂದು ಒಲೆಯವನು ಗೊಣಗಿದ. ವಾರ ಕಳೆಯುವುದರೊಳಗೆ ಮ್ಯಾನೇಜರಿಗೆ ಹಸಿರಪ್ಪ ಎಂಬ ಹೆಸರು ಬಿತ್ತು.

ಸುಮ್ಮನೆ ಆಡಿಕೊಳ್ಳಬಾರದು, ಮನುಷ್ಯ ಕೆಟ್ಟವನಲ್ಲ. ದ್ರಾವಕ ಹೋದ ಮೇಲೆ ಅಚ್ಚು ಅದ್ದುವ ಮನೆಯ ಹೆಂಗಸರ ಕೂದಲಿಗೆ ಹತ್ತುತ್ತಿದ್ದ ವಾಸನೆ ಹೋಯಿತು. ಹತ್ತೊಂಬತ್ತು ವರ್ಷ ಸಂಜೆ ಸಂಜೆಗೆ ಬರುತ್ತಿದ್ದ ತಲೆನೋವು ಗಾಳಿಯಕ್ಕನನ್ನು ಬಿಟ್ಟುಹೋಯಿತು. ಆದರೆ ವಾಸನೆಯ ಜೊತೆ ಇನ್ನೊಂದೂ ಹೋಯಿತು. ಮೊದಲೆಲ್ಲ ಮೂಗಿಗೆ ಹಿಡಿದರೇ ಸಾಕು, ಈ ರಬ್ಬರು ಎಷ್ಟು ಬೆಂದಿದೆ ಎಂದು ಅವಳು ಹೇಳುತ್ತಿದ್ದಳು. ಹೊಸ ಮಾಲಿಗೆ ವಾಸನೆಯೇ ಇಲ್ಲ. ಮುಟ್ಟಿದರೆ ಎಲ್ಲವೂ ಒಂದೇ ಮೆತ್ತಗೆ, ಮೇಲೆ ಬಳಿದ ತೆಳು ಲೇಪದಿಂದ ಎಲ್ಲವೂ ಒಂದೇ ನುಣುಪು. ಕೈಗೂ ಮೂಗಿಗೂ ಕೆಲಸವಿಲ್ಲದ ಹಾಗಾಯಿತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಗೊತ್ತಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

ತೊಂದರೆ ಶುರುವಾದದ್ದು ಮಾತ್ರ ಚೀಟಿಯಿಂದ.

ಆ ಕಾರ್ಖಾನೆಯ ಮಾತಿನಲ್ಲಿ ಹಸಿ ಎಂದರೆ ಬೇಯದ ಕೈಗವಸು. ಪಿಂಗಾಣಿಯ ಕೈಯಚ್ಚುಗಳನ್ನು ರಬ್ಬರ್ ಹಾಲಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ, ಕೊನೆಗೆ ಕಳಚಿದಾಗ ಸಿಗುವುದು ಹಸಿ. ಅದನ್ನು ಬಂಡಿಯ ಗೂಟಗಳಿಗೆ ಸಿಕ್ಕಿಸಿ ಒಲೆಯೊಳಗೆ ದೂಡಬೇಕು. ಗಂಟೆಗಟ್ಟಲೆ ಬೆಂದ ಮೇಲೆಯೇ ರಬ್ಬರಿಗೆ ಕಸುವು ಬರುವುದು, ಎಳೆದರೆ ಹಿಂದಕ್ಕೆ ಬರುವ ಗುಣ ಬರುವುದು. ಪ್ರತಿ ಬಂಡಿಗೂ ಒಂದು ಚೀಟಿ. ಹಿಂದೆ ಚೀಟಿ ಅಂಗೈ ಅಗಲವಿತ್ತು. ಮೇಲಿನ ಸಾಲಿನಲ್ಲಿ ಯಾವ ಬಗೆಯ ಮಾಲು, ಕೆಳಗಿನ ಸಾಲಿನಲ್ಲಿ ಹಸಿಯೋ ಬೆಂದದ್ದೋ ಎಂದು ಬರೆಯುತ್ತಿದ್ದರು. ಹಸಿರಪ್ಪ ಕಾಗದ ಉಳಿಸಲು ಚೀಟಿಯನ್ನು ಅರ್ಧ ಮಾಡಿಸಿದ. ಈಗ ಅದರಲ್ಲಿ ಹಿಡಿಸುತ್ತಿದ್ದದ್ದು ಎರಡೇ ಅಕ್ಷರ.

ಸುಮ್ಮನಿರಲಾರದ ಗಾಳಿಯಕ್ಕನೇ ಉಪಾಯ ಹೇಳಿದ್ದು. ಬೇಯುವ ಮೊದಲು ಹಸಿ ಎಂದಷ್ಟೇ ಬರೆಯೋಣ. ಬೆಂದ ಮೇಲೆ ಅದನ್ನು ಕಿತ್ತು, ಬಗೆಯ ಹೆಸರಿನ ಮೊದಲೆರಡು ಅಕ್ಷರ ಬರೆದು ಕಟ್ಟೋಣ. ಹಳದಿ ಮಾಲಿಗೆ ಹಳ, ಕಪ್ಪಿಗೆ ಕಪ್. ಎಲ್ಲರೂ ತಲೆದೂಗಿದರು. ಹಸಿರಪ್ಪ ಅವಳ ಹೆಸರನ್ನು ಬೋರ್ಡಿನ ಮೇಲೆ ಬರೆಸಿದ. ಹಸಿರು ಮಾಲು ಅಂತ ಒಂದು ಬಂದರೆ ಅದರ ಮೊದಲೆರಡು ಅಕ್ಷರ ಏನಾಗುತ್ತದೆ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹಸಿರು ಬಣ್ಣದ ಮೊದಲ ಮಾಲು ಬಂದದ್ದು ಎರಡೇ ಬಂಡಿ. ಎಡಗೈಯ ಅಚ್ಚು ಬೇರೆ, ಬಲಗೈಯದು ಬೇರೆಯಾದ್ದರಿಂದ ಒಂದು ಬಂಡಿಯ ತುಂಬ ಎಡಗೈಗಳು, ಇನ್ನೊಂದರ ತುಂಬ ಬಲಗೈಗಳು. ಬಿಸಿ ಇಳಿಸಿದ ಒಲೆಯಲ್ಲಿ ಒಂದು ಬಂಡಿ ಬೇಯಲು ಒಂದು ಇಡೀ ದಿನ ಬೇಕು. ಮಂಗಳವಾರ, ಬುಧವಾರ ಒಲೆ ಉರಿಯಿತು. ಗುರುವಾರ ಗಾಳಿಯಕ್ಕ ಗಾಳಿ ಹಿಡಿದಳು, ನೀರಿಗಿಳಿಸಿದಳು, ಮುದ್ರೆ ಒತ್ತಿದಳು. ಹನ್ನೆರಡು ಜೊತೆ ಪಾಸಾದವು. ಮಿಕ್ಕವು ಚೂರಾಗಿ ಮ್ಯಾಟಿನ ಚೀಲ ಸೇರಿದವು. ಶುಕ್ರವಾರ ಆ ಹನ್ನೆರಡು ಜೊತೆ ಪ್ರಯೋಗಕ್ಕೆಂದು ನಾಲ್ಕು ಡಿಪೋಗಳಿಗೆ ಮೂರು ಮೂರರಂತೆ ಹೋದವು. ಅದರಲ್ಲೊಂದು ಜೊತೆ ಮಗಳ ಕೈಗೇ ಬಂತು.

ಮರುವಾರದ ಬುಧವಾರ ಬೆಳಿಗ್ಗೆ ಮಗಳು ಬೂಟಿನ ದಾರ ಕಟ್ಟುತ್ತ ಹೇಳಿದಳು, ಇವತ್ತು ಮಧ್ಯಾಹ್ನ ಎರಡಕ್ಕೆ ಹರಿಯುವ ಲೈನಿನ ಕೆಲಸ, ಹೊಸ ಗ್ಲೌಸು ಹಾಕಿಕೊಂಡು ಮೊದಲನೇ ಸಲ ಎಂದು. ನಾಲ್ಕು ದಿನದಿಂದ ಅದನ್ನು ಹಾಕಿಕೊಂಡು ನೆಲದ ಮೇಲೆ ಅಭ್ಯಾಸ ಮಾಡಿದ್ದಳಂತೆ. ಮೆತ್ತಗಿದೆ, ಹಳೆಯದರ ಹಾಗೆ ಬೆರಳು ನೋಯುವುದಿಲ್ಲ ಎಂದಳು. ಗಾಳಿಯಕ್ಕನಿಗೆ ಹೆಮ್ಮೆಯಾಯಿತು. ಮಗಳ ಕೈಮೇಲೆ ತನ್ನ ಮುದ್ರೆ ಇರುತ್ತದೆ ಎಂಬುದು ಅವಳಿಗೆ ಫೋನು ಮಾಡುವುದಕ್ಕಿಂತ ಎಷ್ಟೋ ವಾಸಿ ಎನಿಸಿತು.

ಅವತ್ತು ಊಟದ ಹೊತ್ತಿಗೆ ಒಲೆಯವನು ಡಬ್ಬಿ ಹಿಡಿದುಕೊಂಡು ಅವಳ ಎದುರಿಗೆ ಬಂದು ಕೂತ. ಬೇಯಿಸುವ ಕೆಲಸವಾದ್ದರಿಂದ ಎಲ್ಲರೂ ಅವನನ್ನು ಬಾಣಸಿಗ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಎರಡು ವರ್ಷ ಚಿಕ್ಕವನು, ಮಾತಿನಲ್ಲಿ ಎರಡು ಮಾರು ಉದ್ದ. ನಗಿಸಬೇಕೆಂದೇ ಶುರು ಮಾಡಿದ.

“ನಿಮ್ಮ ಚೀಟಿ ಹೋದ ವಾರ ನನ್ನ ತಲೆ ಕೆಡಿಸ್ತು ಅಕ್ಕ. ಮಂಗಳವಾರ ಒಂದು ಬಂಡಿ ಬೇಯಿಸಿ ಹೋದೆ. ಬುಧವಾರ ಬಂದು ನೋಡಿದ್ರೆ ಎರಡು ಬಂಡಿಗೂ ಹಸಿ ಅಂತಲೇ ಬರ್ದಿದೆ. ನಿಮ್ಮನ್ನೇ ಕೇಳಿದ್ನಲ್ಲ, ಇದು ಹಸಿಯ ಹಸಿಯೋ, ಹಸಿರಿನ ಹಸಿಯೋ ಅಂತ. ಹಸಿರಿನ ಹಸಿ ಅಂದ್ರಿ.”

ಗಾಳಿಯಕ್ಕ ನಕ್ಕಳು. ನಕ್ಕು ಒಂದು ತುತ್ತು ಬಾಯಿಗಿಟ್ಟುಕೊಂಡಳು. ತುತ್ತು ಅಲ್ಲೇ ನಿಂತಿತು. ಅವನು ಕೇಳಿದ್ದು ಅವಳಿಗೆ ನೆನಪಿತ್ತು. ಬಾಗಿಲಲ್ಲಿ ತಲೆ ತೂರಿಸಿ ಕೇಳಿದ್ದ. ಅವಳು ಮೀಟರಿನ ಮುಳ್ಳು ನೋಡುತ್ತಿದ್ದಳು, ತಿರುಗಿ ಸಹ ನೋಡಿರಲಿಲ್ಲ. ಬಂಡಿಯಲ್ಲಿರುವುದು ಯಾವ ಬಗೆಯ ಮಾಲು ಎಂದು ಕೇಳುತ್ತಿದ್ದಾನೆ ಎಂದುಕೊಂಡು ಹಸಿರಿನ ಹಸಿ ಎಂದಿದ್ದಳು. ಬೆಂದದ್ದೂ ಹಸಿರೇ, ಬೇಯದ್ದೂ ಹಸಿರೇ. ಅವನು ಕೇಳಿದ್ದು ಮಾತ್ರ ಬೇಯದ್ದೋ ಬೆಂದದ್ದೋ ಎಂದು.

ಯಾವ ಬಂಡಿ ತೋರಿಸಿ ಕೇಳಿದೆ ಎಂದು ಅವಳು ವಿಚಾರಿಸಿದಳು. ಬಾಗಿಲ ಹತ್ತಿರದ್ದು ಎಂದ. ಅದರಲ್ಲಿದ್ದದ್ದು ಎಡಗೈಯೋ ಬಲಗೈಯೋ? ಮಂಗಳವಾರ ಬೇಯಿಸಿದ್ದು ಎಡಗೈಯೋ ಬಲಗೈಯೋ? ಕೈ ಕೈಯೇ ಅಲ್ಲವೇ ಅಕ್ಕ, ನಾನು ಗೂಟ ಎಣಿಸುತ್ತೇನೆ, ಬೆರಳು ನೋಡುವುದಿಲ್ಲ ಎಂದ. ಅವಳ ಮಾತು ಕೇಳಿ ಅವನು ಬಾಗಿಲ ಹತ್ತಿರದ ಬಂಡಿಯನ್ನು ಬೆಂದದ್ದೆಂದು ಪಕ್ಕಕ್ಕೆ ಸರಿಸಿ, ಇನ್ನೊಂದನ್ನು ಒಲೆಗೆ ದೂಡಿದ್ದ. ಬಾಗಿಲ ಹತ್ತಿರದ್ದು ನಿಜವಾಗಿ ಬೆಂದದ್ದಾಗಿದ್ದರೆ ಎಲ್ಲ ಸರಿ. ಅದು ಹಸಿಯಾಗಿದ್ದರೆ, ಒಂದು ಬಂಡಿ ಎರಡು ಸಲ ಬೆಂದಿತು, ಇನ್ನೊಂದು ಒಂದು ಸಲವೂ ಬೇಯಲಿಲ್ಲ.

“ನೀವು ಪರೀಕ್ಷೆ ಮಾಡಿದ್ರಲ್ಲ. ಪಾಸಾಯ್ತಲ್ಲ,” ಎಂದ ಬಾಣಸಿಗ. ಅವನ ಮುಖದಲ್ಲಿ ನಗು ಇರಲಿಲ್ಲ.

ಪಾಸಾಗಿತ್ತು, ನಿಜ. ಆದರೆ ಕರೆಂಟಿನ ತೊಟ್ಟಿಗೆ ಹಸಿಯೂ ಒಂದೇ, ಬೆಂದದ್ದೂ ಒಂದೇ. ತೊಟ್ಟಿಯಲ್ಲಿ ಕೈಗವಸು ತೆಪ್ಪಗೆ ನೇತಾಡುತ್ತಿರುತ್ತದೆ. ಕಂಬದ ಮೇಲೆ ಅದು ಮಡಿಯಬೇಕು, ಹಿಗ್ಗಬೇಕು, ಬೆವರು ಕುಡಿಯಬೇಕು, ಬಿಸಿಲು ತಡೆಯಬೇಕು. ಹಸಿ ರಬ್ಬರು ನಾಲ್ಕೈದು ದಿನ ತಾಳಿಕೊಂಡು, ಆಮೇಲೆ ಹೆಬ್ಬೆರಳಿನ ಸಂದಿಯಲ್ಲಿ ಹಿಗ್ಗಿ ತೆಳ್ಳಗಾಗುತ್ತದೆ. ಹಿಗ್ಗಿದ್ದು ಹಿಂದಕ್ಕೆ ಬರುವುದಿಲ್ಲ. ಆ ತೆಳು ಜಾಗದಲ್ಲಿ ಕರೆಂಟಿಗೆ ದಾರಿ. ಮೆತ್ತಗಿದೆ, ಬೆರಳು ನೋಯುವುದಿಲ್ಲ ಎಂದು ಮಗಳು ಹೇಳಿದ್ದು ಗಾಳಿಯಕ್ಕನಿಗೆ ನೆನಪಾಯಿತು. ಆದರೆ ಹೊಸ ಮಾಲೆಲ್ಲ ಮೆತ್ತಗೇ ಅಲ್ಲವೇ ಎಂದು ಮರುಗಳಿಗೆಯೇ ಅನಿಸಿತು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲಾಗಿತ್ತು.

ಫೋನು ಮಾಡಿಬಿಡಬಹುದಿತ್ತು. ಹೊರಗಿನವರಿಗೆ ಹಾಗೆ ಹೇಳುವುದು ಸುಲಭ. ಮಾಡಿ, ಕೈಗವಸು ಸರಿಯಾಗಿಯೇ ಇದ್ದರೆ? ಮಗಳಿಗೆ ಮೀಟರ್ ರೂಮು, ತನಗೆ ಖಾಲಿ ಮನೆ. ಮಾಡದೆ, ಅದು ಹಸಿಯಾಗಿದ್ದರೆ? ಆ ಯೋಚನೆಯನ್ನು ಅವಳು ಪೂರ್ತಿ ಮಾಡಲಿಲ್ಲ. ಒಂದೇ ಒಂದು ಸಂಗತಿ ತಿಳಿದುಬಿಟ್ಟರೆ ಸಾಕಿತ್ತು. ಎರಡಕ್ಕೆ ಇನ್ನೂ ಒಂದೂಕಾಲು ಗಂಟೆಯಿತ್ತು. ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಕಂಡುಹಿಡಿದವಳಿಗೆ ಇದೊಂದು ಸಿಗದೆ ಹೋಗುತ್ತದೆಯೇ ಎಂದು ಡಬ್ಬಿ ಮುಚ್ಚಿ ಎದ್ದಳು.

ಮೊದಲು ಒಲೆಯ ಪುಸ್ತಕ ನೋಡಿದಳು. ಮಂಗಳವಾರ, ಹಸಿ, ಒಂದು ಬಂಡಿ. ಬುಧವಾರ, ಹಸಿ, ಒಂದು ಬಂಡಿ. ಬಾಣಸಿಗನ ಅಕ್ಷರ ಮುದ್ದಾಗಿತ್ತು, ಅರ್ಥ ಮಾತ್ರ ಅಡ್ಡಗೋಡೆಯ ಮೇಲಿತ್ತು. ಚೀಟಿಗಳಾದರೂ ಸಿಗುತ್ತವೆಯೇ ಎಂದು ಕೇಳಿದರೆ, ಹಳೆಯ ಚೀಟಿಯನ್ನೆಲ್ಲ ನೆನೆಹಾಕಿ ಹೊಸ ಕಾಗದ ಮಾಡಲು ಕಳಿಸಿಯಾಗಿತ್ತು. ಆಮೇಲೆ ಮ್ಯಾಟಿನ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿದಳು. ಫೇಲಾದ ಹಸಿರು ಕೈಗವಸುಗಳ ಚೂರು ಅದರಲ್ಲಿರಲೇಬೇಕು. ಒಂದೊಂದನ್ನೇ ಎಳೆದು ನೋಡಿದಳು. ಕೆಲವು ಹಿಂದಕ್ಕೆ ಬಂದವು, ಕೆಲವು ಬರಲಿಲ್ಲ. ಅಷ್ಟರಲ್ಲಿ ಮ್ಯಾಟಿನವಳು ಬಂದು, ಅದ್ದುವ ಮನೆಯಲ್ಲಿ ಕತ್ತರಿಸಿದ ಹಸಿ ಅಂಚನ್ನೂ ಇದಕ್ಕೇ ಸುರಿಯುತ್ತಾರೆ ಎಂದಳು. ಹಾಗಾದರೆ ಹಿಂದಕ್ಕೆ ಬಾರದ ಈ ಚೂರು ಯಾವುದರದ್ದು? ಮ್ಯಾಟಿನವಳೂ ಹೇಳಲಾರಳು, ಗಾಳಿಯಕ್ಕನೂ ಹೇಳಲಾರಳು. ಚೂರುಗಳನ್ನು ಮೂಸಿ ನೋಡಿದಳು. ಚೀಲದ ವಾಸನೆ ಬಂತು.

ಹುಡುಕಿದಷ್ಟೂ ಗೊತ್ತಿದ್ದದ್ದು ಕಮ್ಮಿಯಾಗುತ್ತ ಹೋಯಿತು. ಬಂಡಿಗಳು ನಿಂತಿದ್ದ ಜಾಗಕ್ಕೆ ಹೋಗಿ ನಿಂತಳು. ಬಾಗಿಲ ಹತ್ತಿರ ಬಲಗೈಗಳು ಇದ್ದವು ಎಂದು ಅನಿಸಿತು. ತಿರುಗಿ ಇನ್ನೊಂದು ಕಡೆಯಿಂದ ನೋಡಿದರೆ ಅವು ಎಡಗೈಗಳಾಗಿದ್ದವು. ತನ್ನ ಎರಡು ಕೈಗಳನ್ನೂ ಮುಂದೆ ಚಾಚಿ, ಹೆಬ್ಬೆರಳು ಯಾವ ಕಡೆ ಬರುತ್ತದೆ ಎಂದು ನೋಡುತ್ತ ನಿಂತವಳನ್ನು ಕಂಡು ಹಾದುಹೋಗುವವರು ನಕ್ಕರು.

ಒಂದೂಕಾಲಿಗೆ ಹಸಿರಪ್ಪನ ಕೋಣೆಗೆ ಹೋದಳು. ಅವನು ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು ಅವನೂ ಗಲಿಬಿಲಿಯಾದ. ಹಸಿಯ ಹಸಿ, ಹಸಿರಿನ ಹಸಿ ಎಂದು ಒಂದೆರಡು ಸಲ ತನ್ನಷ್ಟಕ್ಕೆ ಹೇಳಿಕೊಂಡ. ಕಾಗದ ಉಳಿಸಲು ಹೋಗಿ ಹೀಗಾಯಿತೇ ಎಂದು ಅವನ ಮುಖ ಸಣ್ಣಗಾಯಿತು. ಆಮೇಲೆ ಡ್ರಾಯರಿನಿಂದ ಒಂದು ನಮೂನೆ ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಎರಡು ಚೌಕಗಳಿದ್ದವು, ಒಂದು ಪಾಸು, ಇನ್ನೊಂದು ಫೇಲು.

“ನೀವು ಫೇಲ್ ಅಂತ ಗುರುತು ಹಾಕಿದ್ರೆ ಈಗಲೇ ಹನ್ನೆರಡು ಜೊತೇನೂ ವಾಪಸ್ ತರಿಸ್ತೀನಿ ಅಮ್ಮ. ನಿಮ್ಮ ಮಾತಿನ ಮೇಲೆ ನಾನು ಎದುರು ಮಾತಾಡಲ್ಲ. ಆದ್ರೆ ನಿಮಗೆ ಗೊತ್ತಿರಬೇಕು.”

ಅವಳು ಪೆನ್ನು ಹಿಡಿದುಕೊಂಡು ಕೂತಳು. ಪಾಸು ಎಂದು ಹಾಕಲು ಕೈ ಹೋಗಲಿಲ್ಲ. ಫೇಲು ಎಂದು ಹಾಕಿದರೆ ಅವಳೇ ಒತ್ತಿದ ಮುದ್ರೆಯನ್ನು ಅವಳೇ ಸುಳ್ಳು ಎಂದ ಹಾಗೆ, ಮತ್ತು ಸುದ್ದಿ ಮೊದಲು ಮುಟ್ಟುವುದು ಮಗಳ ಮೇಸ್ತ್ರಿಗೆ. ಸುಳ್ಳು ಕರೆ ನಾಲ್ಕನೆಯದು ಎಂದು ಅವನು ಎಣಿಸುತ್ತಾನೆ. ಗೊತ್ತಿಲ್ಲ ಎನ್ನುವುದಕ್ಕೆ ಚೌಕವಿರಲಿಲ್ಲ. ಇನ್ನೊಂದು ಸ್ವಲ್ಪ ನೋಡಿ ಬರುತ್ತೇನೆ ಸಾರ್ ಎಂದು ಅವಳು ನಮೂನೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದಳು. ನೋಡಲು ಏನೂ ಉಳಿದಿರಲಿಲ್ಲ.

ಎರಡಕ್ಕೆ ಹತ್ತು ನಿಮಿಷವಿದ್ದಾಗ ಪರೀಕ್ಷೆಯ ಕೋಣೆಯ ಬಾಗಿಲು ಹಾಕಿಕೊಂಡು ಫೋನು ತೆಗೆದಳು. ಕೆಲಸದ ಹೊತ್ತಿನಲ್ಲಿ ಮಗಳು ಫೋನು ಇಟ್ಟುಕೊಳ್ಳುವ ಹಾಗಿಲ್ಲ. ಮೇಸ್ತ್ರಿಯ ನಂಬರು ಒತ್ತಿದಳು. ಫೇಲಾಗಿದೆ ಎಂದು ಖಡಾಖಂಡಿತವಾಗಿ ಹೇಳಿಬಿಡಬೇಕು, ಆಮೇಲೆ ಆದದ್ದಾಗಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು.

“ಮತ್ತೆ ನೀವಾ,” ಎಂದ ಮೇಸ್ತ್ರಿ. ಅವನ ಹಿಂದೆ ಬೀದಿಯ ಸದ್ದಿತ್ತು. “ಕಂಬದ ಕೆಳಗೆ ನಿಂತಿದ್ದೀವಮ್ಮ. ಅವಳು ಬೆಲ್ಟ್ ಕಟ್ಟಿಕೊಂಡಾಯ್ತು. ಇವತ್ತೇನು ಗೊತ್ತಾಯ್ತು ನಿಮಗೆ?”

ಫೇಲು ಎನ್ನಲು ಹೊರಟಳು. ಕೊನೆಗೆ ಬಾಯಿಂದ ಬಂದದ್ದು ಬೇರೆ.

“ಗೊತ್ತಾಗ್ತಾ ಇಲ್ಲ. ಅವಳ ಗ್ಲೌಸು ಬೆಂದಿದೆಯೋ ಹಸಿಯೋ, ನನಗೆ ಗೊತ್ತಾಗ್ತಾ ಇಲ್ಲಪ್ಪ. ಮುದ್ರೆ ಒತ್ತಿದ್ದು ನಾನೇ. ಆದ್ರೂ ಗೊತ್ತಾಗ್ತಾ ಇಲ್ಲ.”

ಆ ಕಡೆ ಮೇಸ್ತ್ರಿ ಯಾರನ್ನೋ ಕೂಗಿ, ಹತ್ತಬೇಡ, ನಿಲ್ಲು ಎಂದದ್ದು ಕೇಳಿಸಿತು. ಮೂರು ಸಲ ಗೊತ್ತು ಎಂದಾಗ ನಂಬದವನು, ಗೊತ್ತಿಲ್ಲ ಎಂದ ತಕ್ಷಣ ನಂಬಿದ. ಹೊಸ ಗ್ಲೌಸು ಮೂರು ಜೊತೆಯನ್ನೂ ಪೆಟ್ಟಿಗೆಗೆ ಹಾಕಿಸುತ್ತೇನೆ, ಅವಳ ಜೊತೆಯನ್ನು ಅವಳ ಕೈಯಲ್ಲೇ ಕಳಿಸುತ್ತೇನೆ, ನೋಡಿ ಹೇಳಿ ಎಂದ. ಮೀಟರ್ ರೂಮಿನ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಅಲ್ಲಿಂದ ಮಗಳು ಬರುವವರೆಗೆ ಎರಡು ಗಂಟೆ ಗಾಳಿಯಕ್ಕ ಕಿಟಕಿಯ ಹತ್ತಿರ ಕೂತು ರಸ್ತೆ ನೋಡಿದಳು. ಮಗಳು ನೆಲದ ಮೇಲಿದ್ದಾಳೆ ಎಂಬುದೊಂದೇ ತಲೆಯಲ್ಲಿತ್ತು. ನಡುವೆ ಸಂಕಟವೂ ಆಗುತ್ತಿತ್ತು. ಕೈಗವಸು ಚೆನ್ನಾಗಿಯೇ ಇದ್ದರೆ ಏನು ಮುಖ ತೋರಿಸಲಿ? ತನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹಾಕಿಕೊಂಡದ್ದು ಹಸಿಯಾಗಿರಲಿ ಎಂದು ಒಂದು ಕ್ಷಣ ಹಾರೈಸಿದಳು. ಹಾರೈಸಿದ್ದಕ್ಕೆ ನಾಚಿಕೆಯಾಗಿ ಎದ್ದು ಒಂದು ಲೋಟ ನೀರು ಕುಡಿದಳು.

ಮಗಳು ನಾಲ್ಕಕ್ಕೆ ಬಂದಳು. ಹೆಲ್ಮೆಟ್ಟನ್ನು ಕುರ್ಚಿಯ ಮೇಲಿಟ್ಟು, ಚೀಲದಿಂದ ಕೈಗವಸು ತೆಗೆದು ಮೇಜಿನ ಮೇಲೆ ಹಾಕಿದಳು. ಮುಖ ಊದಿಕೊಂಡಿತ್ತು. ಅಮ್ಮನ ಕಡೆ ನೋಡಲಿಲ್ಲ. ಗಾಳಿಯಕ್ಕ ಕತ್ತರಿ ತೆಗೆದುಕೊಂಡು ಎರಡರ ಮಣಿಕಟ್ಟಿನಿಂದಲೂ ಬೆರಳಗಲದ ಒಂದೊಂದು ಪಟ್ಟಿ ಕತ್ತರಿಸಿದಳು. ಎಡಗೈಯದನ್ನು ಎಳೆದಳು. ಬಿಗಿಯಾಗಿತ್ತು, ಬಿಟ್ಟ ಕೂಡಲೇ ಟಪ್ಪೆಂದು ಹಿಂದಕ್ಕೆ ಬಂತು. ಮಡಚಿದರೆ ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಹೆಚ್ಚು ಬೆಂದದ್ದರ ಲಕ್ಷಣ ಅದು. ಆಮೇಲೆ ಬಲಗೈಯದನ್ನು ಎಳೆದಳು. ಎಳೆದಷ್ಟೂ ಬಂತು. ಬಿಟ್ಟರೆ ಹಾಗೇ ನಿಂತಿತು. ಕೈಗವಸನ್ನು ಬೆಳಕಿಗೆ ಹಿಡಿದಾಗ ಹೆಬ್ಬೆರಳಿನ ಸಂದಿ ಈರುಳ್ಳಿ ಸಿಪ್ಪೆಯ ಹಾಗೆ ಕಂಡಿತು.

ಎಡಗೈ ಎರಡು ಸಲ ಬೆಂದಿತ್ತು. ಬಲಗೈ ಒಂದು ಸಲವೂ ಬೆಂದಿರಲಿಲ್ಲ.

ಗಾಳಿಯಕ್ಕನಿಗೆ ಉಸಿರು ಬಂತು. ನೋಡಿದೆಯಾ, ನಾನು ಹೇಳಲಿಲ್ಲವೇ ಎಂಬ ಹಳೆಯ ಮಾತು ತಾನಾಗಿಯೇ ನಾಲಿಗೆಗೆ ಬಂತು. ಮಗಳು ಆ ಉದ್ದವಾದ ಪಟ್ಟಿಯನ್ನು ತೆಗೆದುಕೊಂಡು, ತನ್ನ ಬಲಗೈಯ ಹೆಬ್ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತ ನಿಂತಿದ್ದಳು. ಮುಖದ ಸಿಟ್ಟು ಎಲ್ಲಿ ಹೋಯಿತೋ ಕಾಣಲಿಲ್ಲ. ಪಟ್ಟಿಯಿಂದ ಕಣ್ಣೆತ್ತಿ ಕೇಳಿದಳು.

“ಉಳಿದವರಿಗೆ ಹೇಳಿದ್ಯಾ?”

ಯಾರಿಗೆ ಎಂದು ಗಾಳಿಯಕ್ಕ ಕೇಳಿದಳು. ನಿಜವಾಗಿಯೂ ತಿಳಿಯದೆ ಕೇಳಿದಳು.

“ಹನ್ನೆರಡು ಜೊತೆ ಅಲ್ವಾ ಅಮ್ಮ ಹೋಗಿದ್ದು. ಅವರದ್ದೆಲ್ಲ ಬಲಗೈ ಇದೇ ಬಂಡಿದು ಅಲ್ವಾ?”

ಗಾಳಿಯಕ್ಕ ಮಗಳ ಮುಖ ನೋಡಿದಳು. ಮಧ್ಯಾಹ್ನದಿಂದ ಕಾರ್ಖಾನೆಯೆಲ್ಲ ಸುತ್ತಿದ್ದಳು, ಪುಸ್ತಕ ನೋಡಿದ್ದಳು, ಚೀಲಕ್ಕೆ ಕೈ ಹಾಕಿದ್ದಳು, ಎಡ ಬಲ ಎಂದು ನೂರು ಸಲ ಎಣಿಸಿದ್ದಳು. ಬೇರೆ ಮೂರು ಡಿಪೋಗಳ ನೆನಪು ಒಂದು ಸಲವೂ ಬಂದಿರಲಿಲ್ಲ. ಹನ್ನೆರಡು ಜೊತೆಯನ್ನೂ ತರಿಸುತ್ತೇನೆ ಎಂದು ಹಸಿರಪ್ಪ ಬಾಯಿಬಿಟ್ಟು ಹೇಳಿದಾಗಲೂ ಅವಳಿಗೆ ಕೇಳಿಸಿದ್ದು ಒಂದೇ ಜೊತೆ. ಅವನು ಅವಳ ಉತ್ತರಕ್ಕೆ ಕಾಯುತ್ತ ಕೂತಿದ್ದ, ನಮೂನೆ ಅವಳ ಜೇಬಿನಲ್ಲಿತ್ತು. ಎರಡು ಗಂಟೆ ಅವಳು ಕಿಟಕಿಯಲ್ಲಿ ಕೂತು ರಸ್ತೆ ನೋಡಿದ್ದಳು.

ಡಿಪೋಗಳ ನಂಬರುಗಳು ಗೋಡೆಯ ಮೇಲೇ ಇದ್ದವು. ಮೊದಲ ನಂಬರು ಎರಡು ಸಲ ತಪ್ಪಿತು. ಆ ಡಿಪೋದಲ್ಲಿ ಪೆಟ್ಟಿಗೆಯನ್ನು ಇನ್ನೂ ಒಡೆದೇ ಇರಲಿಲ್ಲ. ಎರಡನೆಯ ಡಿಪೋದಲ್ಲಿ ವಯಸ್ಸಾದವನೊಬ್ಬ ಎತ್ತಿಕೊಂಡ. ಹೊಸ ಗ್ಲೌಸು ಎಂದ ಕೂಡಲೇ, ಹೌದಮ್ಮ, ಚೆನ್ನಾಗಿದೆ, ಈಗ ಅದನ್ನೇ ಹಾಕಿಕೊಂಡು ಒಬ್ಬ ಡಿಪೋ ಎದುರಿನ ಕಂಬದ ಮೇಲೆ ಇದ್ದಾನೆ ಎಂದ.

“ಇಳಿಸಿ,” ಎಂದಳು ಗಾಳಿಯಕ್ಕ. “ಬಲಗೈ ಹಸಿ ಇದೆ. ಏನೂ ಮುಟ್ಟದೆ ಇಳೀಲಿ.”

ಅವನು ಫೋನನ್ನು ಎಲ್ಲೋ ಇಟ್ಟು ಓಡಿದ. ಅವನ ಚಪ್ಪಲಿಯ ಸದ್ದು ದೂರವಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಗಾಳಿಯಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಿದ್ದಳು. ಮಗಳು ಹತ್ತಿರ ಬಂದು ತನ್ನ ಕಿವಿಯನ್ನೂ ಅದಕ್ಕೇ ತಾಗಿಸಿದಳು. ಮೇಲಿರುವವನು ಯಾರು, ಯಾರ ಮಗ, ಅವನ ತಾಯಿಗೆ ಫೋನು ಮಾಡುವ ಅಭ್ಯಾಸ ಇದೆಯೋ ಇಲ್ಲವೋ, ಒಂದೂ ಗೊತ್ತಿರಲಿಲ್ಲ. ಎಷ್ಟು ಹೊತ್ತಾಯಿತೆಂದೂ ಗೊತ್ತಾಗಲಿಲ್ಲ. ಕೊನೆಗೆ ಚಪ್ಪಲಿಯ ಸದ್ದು ಹತ್ತಿರ ಬಂತು, ಏದುಸಿರು ಕೇಳಿಸಿತು.

“ಇಳಿದ,” ಎಂದ ಮುದುಕ. “ಇಳಿದ, ಅಮ್ಮ. ಇಲ್ಲೇ ನನ್ನ ಪಕ್ಕ ನಿಂತಿದ್ದಾನೆ.”

ಗಾಳಿಯಕ್ಕ ಕೂತ ಕಡೆಯೇ ಅಳತೊಡಗಿದಳು. ಮೇಸ್ತ್ರಿ ಮಗಳಿಗೆ ಹತ್ತಬೇಡ ಎಂದಾಗ ಬಾರದ ಅಳು, ಮುಖ ಕಾಣದವನೊಬ್ಬ ಇಳಿದ ಎಂದಾಗ ತಡೆಯಲಾಗದಂತೆ ಬಂತು. ಯಾರಿಗಾಗಿ ಅಳುತ್ತಿದ್ದೇನೆ, ಭಯಕ್ಕೋ, ನಾಚಿಕೆಗೋ, ಸಂತೋಷಕ್ಕೋ ಎಂದು ಅವಳಿಗೇ ಬಗೆಹರಿಯಲಿಲ್ಲ. ಮಗಳು ಅವಳ ಕೈಯಿಂದ ಫೋನು ತೆಗೆದುಕೊಂಡು, ಗೋಡೆಯ ಕಡೆ ನೋಡಿ, ಮೂರನೆಯ ನಂಬರು ಒತ್ತಿದಳು.